ನಿಜವಾದ ಬೀಗರು

“ಇವತ್ತು ನಾನು ‘ಬೀಗರು ಬಂದ್ರು’ ಅಂತ ಕೂಗಿದ್ರೆ, ಬಂದಿರೋರು ನಿಜವಾಗ್ಲೂ ಬೀಗರೇ. ಗೊತ್ತಾಯ್ತೇನ್ರೋ? ಜಾಲರಿ ಗೀಲರಿ ಅಂತ ಯಾರೂ ಓಡಬೇಡಿ. ಇದ್ದಲ್ಲೇ ಇದ್ದು ಒಂದು ನಗೆ ನಕ್ಕರೆ ಸಾಕು.”

ಮೇಸ್ತ್ರಿ ಸ್ಟೂಲಿನ ಮೇಲೆ ಹತ್ತಿ ನಿಂತು ಹೇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಆ ಶೆಡ್ಡಿನಲ್ಲಿ ಬಿಳಿ ಬಣ್ಣದ್ದನ್ನು ಅದುವರೆಗೆ ಯಾರೂ ತೊಟ್ಟಿರಲಿಲ್ಲ.

“ಎಷ್ಟು ಹೊತ್ತು ನಗಬೇಕು ಮೇಸ್ತ್ರಿ?” ಎಂದ ಗುಬ್ಬಿ. ಆಳು ಬಾಗಿಲಷ್ಟು ಅಗಲ, ಬಾಯಿ ಮಾತ್ರ ಗುಬ್ಬಿಯದು. ದೊಡ್ಡ ಪ್ರೆಸ್ಸಿನ ಮುಂದೆ ಕೂತರೆ ಸಂಜೆಯವರೆಗೆ ಅದರ ಸದ್ದಿನ ಜೊತೆ ಪೈಪೋಟಿಗೆ ಬಿದ್ದವನಂತೆ ಮಾತಾಡುತ್ತಿದ್ದ.

“ಅವ್ರು ಹೊರಡೋ ತನಕ. ದವಡೆ ನೋವು ಬಂದ್ರೆ ನಾಳೆ ರಜ ತಗೋ.”

ಅದು ಸ್ಟೀಲ್ ತಟ್ಟೆ ಒತ್ತುವ ಶೆಡ್ಡು. ಪ್ರೆಸ್ಸಿನ ಬಾಯಿಗೆ ತಗಡು ಇಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ಧಡ್ ಎಂದು ಬಿದ್ದು ತಗಡು ತಟ್ಟೆಯಾಗುತ್ತದೆ. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಇರಬೇಕೆಂದು ಕಾನೂನು. ಜಾಲರಿ ಇದ್ದರೆ ಕೈ ಒಳಗೆ ಹೋಗುವುದಿಲ್ಲ, ಕೆಳಗಿನ ಸಂದಿಯಿಂದ ಇಕ್ಕಳದಲ್ಲೇ ತಗಡು ತೂರಿಸಬೇಕು, ಇಕ್ಕಳ ಹಿಡಿದರೆ ಕೆಲಸ ಆಮೆನಡಿಗೆ. ಹಾಗಾಗಿ ಜಾಲರಿಗಳೆಲ್ಲ ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು. ಇಲಾಖೆಯ ಜೀಪು ತಿರುವಿನಲ್ಲಿ ಕಂಡ ಕೂಡಲೇ ಮೇಸ್ತ್ರಿ “ಬೀಗರು ಬಂದ್ರು!” ಎಂದು ಕೂಗುತ್ತಿದ್ದ, ಇನ್ಸ್‌ಪೆಕ್ಟರು ಒಳಗೆ ಕಾಲಿಡುವಷ್ಟರಲ್ಲಿ ಎಲ್ಲ ಜಾಲರಿಗಳೂ ಹುಟ್ಟಿದಾಗಿನಿಂದ ಅಲ್ಲೇ ಇದ್ದವೇನೋ ಎಂಬಂತೆ ಪ್ರೆಸ್ಸುಗಳ ಮೇಲಿರುತ್ತಿದ್ದವು. ಆ ಗುಟ್ಟಿನ ಮಾತನ್ನು ಹುಡುಕಿದವನೂ ಮೇಸ್ತ್ರಿಯೇ. ಮೈಯೆಲ್ಲ ಕಣ್ಣಾಗಿ ನೋಡುವವರು, ಹೋಗುವ ತನಕ ನಾವು ಉಸಿರು ಬಿಡುವಂತಿಲ್ಲ, ಬೀಗರಲ್ಲದೆ ಮತ್ತೇನು ಎಂಬುದು ಅವನ ವಾದ.

ಈಗ ಅವನಿಗೇ ನಿಜವಾದ ಬೀಗರು ಬರುವವರಿದ್ದರು. ತಾಯಿಯಿಲ್ಲದ ಒಬ್ಬಳೇ ಮಗಳು ತಾನೇ ಮೆಚ್ಚಿದ ಹುಡುಗ. ಹುಡುಗನದು ಒಪ್ಪಿಗೆ, ಮೇಸ್ತ್ರಿಯದು ಎರಡು ಪಟ್ಟು ಒಪ್ಪಿಗೆ. ಉಳಿದದ್ದು ಹುಡುಗನ ಅಪ್ಪ ಅಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಆ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಮನೆ ನೋಡೋಕೆ ಬರಲ್ಲ. ಮನೇನ ಎಲ್ರೂ ಗುಡಿಸಿರ್ತಾರೆ. ನೀವು ಕೆಲಸ ಮಾಡೋ ಜಾಗಕ್ಕೆ ಬರ್ತೀವಿ. ನೋಡ್ಕೊಂಡು ಆಮೇಲೆ ಹೇಳ್ತೀವಿ.” ಅಂದಿನಿಂದ ಮೇಸ್ತ್ರಿಗೆ ಊಟ ರುಚಿಸಿರಲಿಲ್ಲ. ಬೆಳಿಗ್ಗೆ ಮಗಳು ಅಂಗಿಯ ಗುಂಡಿ ಹಾಕುತ್ತ, “ಅಪ್ಪಾ, ಒಂದೇ ಒಂದು ದಿನ ಸ್ವಲ್ಪ ಕಡಿಮೆ ಮಾತಾಡು” ಎಂದಿದ್ದಳು.

ಗೇಟಿನ ಮುಂದೆ ಆಟೋ ನಿಂತಿತು. ಕನ್ನಡಕ ಹಾಕಿಕೊಂಡ ಹೆಂಗಸೊಬ್ಬರು ಇಳಿದರು, ಹಿಂದೆಯೇ ಬ್ಯಾಗು ಹಿಡಿದ ಸಣಕಲು ಗಂಡಸು. ಹುಡುಗನ ಅಮ್ಮ ಕನ್ನಡಕ ಹಾಕುತ್ತಾರೆ ಎಂದು ಮಗಳು ಹೇಳಿದ್ದಳು. ಮೇಸ್ತ್ರಿಗೆ ಅಷ್ಟು ಸಾಕಾಯಿತು.

“ಬನ್ನಿ ಬನ್ನಿ!” ಎಂದು ಕೈಮುಗಿದು, ಒಳಗೆ ತಿರುಗಿ, “ಬೀಗರು ಬಂದ್ರೋ!” ಎಂದು ಕೂಗಿದ. ಪ್ರೆಸ್ಸುಗಳ ಸದ್ದಿನಲ್ಲಿ ಅದು ಆಕೆಗೆ ಕೇಳಿಸಲಿಲ್ಲ. ಆ ಕೂಗಿಗೆ ಕಿವಿ ಪಳಗಿದ್ದ ಒಳಗಿನವರಿಗೆ ಕೇಳಿಸಿತು, ಎಲ್ಲರೂ ಇದ್ದಲ್ಲೇ ಇದ್ದು ಹಲ್ಲು ಕಿರಿದರು.

“ನಾವು ಬರೋದು ಮೊದ್ಲೇ ಗೊತ್ತಿತ್ತಾ?” ಎಂದರು ಆಕೆ.

“ಗೊತ್ತಿಲ್ದೆ ಏನಮ್ಮಾ! ವಾರದಿಂದ ಕಾಯ್ತಾ ಇದೀವಿ.”

ಆಕೆ ಸಣಕಲು ಗಂಡಸಿನ ಕಡೆ ಒಂದು ನೋಟ ಬೀರಿದರು. ಅವನು ನೆಲ ನೋಡಿದ. ಹೆಂಡತಿ ಅಂದರೆ ಭಯ ಭಕ್ತಿ ಇರುವ ಮನುಷ್ಯ, ಮಗನೂ ಹಾಗೇ ಇರುತ್ತಾನೆ ಎಂದು ಮೇಸ್ತ್ರಿಗೆ ಹಿಗ್ಗಾಯಿತು. ಟೀ ತರಿಸಿದ್ದಕ್ಕೆ ಆಕೆ, “ಬೇಡ, ನಾವು ಏನೂ ತಗೊಳ್ಳೋ ಹಾಗಿಲ್ಲ. ಮೊದ್ಲು ನೋಡ್ತೀವಿ. ಇದ್ದದ್ದು ಇದ್ದ ಹಾಗೇ ತೋರಿಸಿ, ಏನೂ ಮುಚ್ಚಿಡಬೇಡಿ” ಎಂದರು. ಮಾತು ಮುಗಿಯುವ ತನಕ ನೀರೂ ಮುಟ್ಟದ ಖಡಕ್ ಜನ! ಅವನು ಮಗಳ ಬುದ್ಧಿವಾದವನ್ನು ಮರೆತೇಬಿಟ್ಟ.

“ಯಾರಿಗಾದ್ರೂ ಪೆಟ್ಟು ಗಿಟ್ಟು ಆಗಿದ್ಯಾ ಇಲ್ಲಿ?”

“ಏಳನೇ ಕ್ಲಾಸಲ್ಲಿದ್ದಾಗ ಒಂದ್ಸಲ ಮೊಣಕಾಲು ತರಚಿತ್ತು, ಅಷ್ಟೇ. ಈಗ ಗುರುತೂ ಇಲ್ಲ.”

“ಯಾರಿಗೆ?”

“ನಮ್ಮ ಹುಡುಗಿಗೆ.”

“ಏಳನೇ ಕ್ಲಾಸಿನ ಹುಡುಗೀನ ಕೆಲಸಕ್ಕೆ ಇಟ್ಕೊಂಡಿದ್ರಾ?” ಆಕೆಯ ದನಿ ಏರಿತು.

“ಅಯ್ಯೋ, ಇಲ್ಲಮ್ಮ! ಸೈಕಲ್ಲಿಂದ ಬಿದ್ದಿದ್ದು. ಇಲ್ಲಿಗೆ ಕಾಲಿಡೋಕೂ ನಾನು ಬಿಟ್ಟಿಲ್ಲ ಅವಳನ್ನ.”

ಸಣಕಲು ಗಂಡಸು ಬ್ಯಾಗಿನಿಂದ ತೆಗೆದ ಪುಸ್ತಕದಲ್ಲಿ ಆಗಷ್ಟೇ ಬರೆದುಕೊಂಡದ್ದನ್ನು ಹೊಡೆದುಹಾಕಿದ.

ದೊಡ್ಡ ಪ್ರೆಸ್ಸಿನ ಬಳಿ ಬಂದಾಗ ಮೇಸ್ತ್ರಿ ಗುಬ್ಬಿಗೆ ಸನ್ನೆ ಮಾಡಿದ. ಗುಬ್ಬಿ ನಗುತ್ತಲೇ ಕೈಯನ್ನು ಅಚ್ಚಿನ ಕೆಳಗೆ ತೂರಿಸಿ, ತಗಡು ಇಟ್ಟು, ಕೈ ಎಳೆದು, ಪೆಡಲ್ ತುಳಿದ. ಧಡ್. ಮತ್ತೆ ಕೈ, ಮತ್ತೆ ಧಡ್.

“ಕಣ್ಣು ಮಿಟುಕಿಸೋದ್ರಲ್ಲಿ ತಟ್ಟೆ!” ಎಂದ ಮೇಸ್ತ್ರಿ.

“ಗೋಡೆ ಮೇಲಿರೋ ಜಾಲರಿ ಯಾವುದಕ್ಕೆ?”

“ಅದಾ? ಅದು ಇನ್ಸ್‌ಪೆಕ್ಟರ್ ಬಂದಾಗ ಹಾಕೋದು. ನಿಮಗೊಂದು ತಮಾಷೆ ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನಾವು ಇನ್ಸ್‌ಪೆಕ್ಟರಿಗೆ ‘ಬೀಗರು’ ಅಂತೀವಿ! ಅದಕ್ಕೇ ಇವತ್ತು ಇವ್ರಿಗೆಲ್ಲ ಬಿಡಿಸಿ ಹೇಳಬೇಕಾಯ್ತು, ಇವತ್ತು ಬರೋರು ನಿಜವಾದ ಬೀಗರು, ಹುಡುಗನ ಅಪ್ಪ ಅಮ್ಮ ಅಂತ.” ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಹೊತ್ತಿನಿಂದ ಗಂಟಿಕ್ಕಿದ್ದ ಹುಬ್ಬು ಬಿಚ್ಚಿಕೊಂಡಿತು, ತುಟಿಯ ಅಂಚಿಗೆ ಬಂದ ನಗುವನ್ನು ಅಲ್ಲೇ ತಡೆದರು.

“ಹಾಗಾದ್ರೆ ನಾನು ಬೀಗಿತ್ತಿ.”

“ಮತ್ತೆ!”

“ಸರಿ, ಬೀಗಿತ್ತಿ ಅಂತಾನೇ ಒಂದು ಮಾತು ಕೇಳ್ತೀನಿ. ನನ್ನ ಮಗನ್ನ ಈ ಸ್ಟೂಲ್ ಮೇಲೆ ಕೂರಿಸಿ, ಜಾಲರಿ ಇಲ್ದೆ ಒಳಗೆ ಕೈ ಹಾಕು ಅಂತೀರಾ?”

“ಬಿಡ್ತು ಅನ್ನಿ!” ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. “ಅಳಿಯ ಕಣಮ್ಮ ಅವ್ರು! ಬೆರಳು ಗಿರಳು ಹೋದ್ರೆ ನನ್ನ ಮಗಳ ಗತಿ ಏನು?”

ಪೆಡಲಿನ ಮೇಲಿದ್ದ ಗುಬ್ಬಿಯ ಕಾಲು ನಿಂತಿತು. ಪಕ್ಕದ ಪ್ರೆಸ್ಸೂ ನಿಂತಿತು. ಸದ್ದಡಗಿದ ಶೆಡ್ಡಿನಲ್ಲಿ ಗುಬ್ಬಿ ಕೇಳಿದ: “ನಾನೂ ಒಂದ್ಸಲ ನಮ್ಮ ಮಾವನ್ನ ಕರ್ಕೊಂಡು ಬರ್ಲಾ ಮೇಸ್ತ್ರಿ?”

ಎಲ್ಲರೂ ಘೊಳ್ಳೆಂದು ನಕ್ಕರು. ಗುಬ್ಬಿಯೂ ನಕ್ಕ, ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಮೇಸ್ತ್ರಿ ಮಾತ್ರ ನಗಲಿಲ್ಲ. ಗುಬ್ಬಿಯ ಮದುವೆಯಲ್ಲಿ ನಿಂತು ಬಡಿಸಿದವನು ಅವನೇ. “ಇವ್ರನ್ನ ನಿಮ್ಮ ಕೈಗೆ ಹಾಕಿದೀನಿ ಅಣ್ಣಾ” ಎಂದು ಗುಬ್ಬಿಯ ಹೆಂಡತಿ ಅಂದು ಹೇಳಿದ್ದಳು. ಅವಳೂ ಯಾರೋ ಒಬ್ಬರ ಮಗಳು. ಅವನಿಗೆ ನಾಚಿಕೆಯಾಯಿತು.

ಆಕೆ ಬ್ಯಾಗಿನಿಂದ ಇಲಾಖೆಯ ಗುರುತಿನ ಚೀಟಿ ತೆಗೆದು ತೋರಿಸಿದರು. “ಹಳೇ ಸಾಹೇಬ್ರು ನಿವೃತ್ತಿ ಆದ್ರು. ಇವ್ರು ನಮ್ಮ ಆಫೀಸಿನ ಗುಮಾಸ್ತರು, ನನ್ನ ಯಜಮಾನ್ರಲ್ಲ. ಜೀಪು ರಿಪೇರಿಗೆ ಹೋಗಿದೆ, ಅದಕ್ಕೇ ಆಟೋ.” ದೊಡ್ಡ ಪ್ರೆಸ್ಸಿನ ಸ್ವಿಚ್ಚು ತಾವೇ ಆರಿಸಿದರು. “ಜಾಲರೀನ ತೆಗೆಯೋಕೆ ಬರದ ಹಾಗೆ ಬೋಲ್ಟ್ ಹಾಕಿ ಕೂರಿಸೋ ತನಕ ಇಲ್ಲಿ ಒಂದು ಪ್ರೆಸ್ಸೂ ಓಡೋ ಹಾಗಿಲ್ಲ.”

“ತಾಯೀ, ನಾಳೆ ಮಾಡಿಸ್ತೀನಿ. ಇವತ್ತು ಒಂದು ದಿನ... ಈಗ ಬೀಗರು ಬಂದುಬಿಡ್ತಾರೆ. ಸ್ವಿಚ್ ಆರಿಸಿರೋ ಶೆಡ್ಡು ನೋಡಿದ್ರೆ ಸಂಬಂಧ ಕೈ ತಪ್ಪತ್ತೆ.”

“ನಿಮ್ಮಿಷ್ಟ. ನಾಳೆ ಹಾಕಿದ್ರೆ ನಾಳೆ ಓಡಿಸಿ.”

ಮೇಸ್ತ್ರಿ ಗೇಟಿನ ಕಡೆ ನೋಡಿದ. ಆಮೇಲೆ ಗುಬ್ಬಿಯ ಕಡೆ ನೋಡಿದ. ಗುಬ್ಬಿ ಇನ್ನೂ ಸ್ಟೂಲಿನ ಮೇಲೇ ಇದ್ದ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಮೇಸ್ತ್ರಿ ತೋಳು ಮಡಚಿ, ಗೋಡೆಯ ಜಾಲರಿ ತಂದು ಪ್ರೆಸ್ಸಿಗಿಟ್ಟು, ಅದರ ಬೋಲ್ಟ್ ಬಿಗಿಯಲು ಸ್ಪ್ಯಾನರ್ ತೆಗೆದುಕೊಂಡು, ಬಿಳಿ ಅಂಗಿಯಲ್ಲೇ ಪ್ರೆಸ್ಸಿನ ಕೆಳಗೆ ನುಸುಳಿದ.

ಬೀಗರು ಬಂದದ್ದು ಆಗಲೇ. ಗೇಟಿನ ಬಳಿಯಿಂದ ಯಾರೋ “ಬೀಗರು ಬಂದ್ರು!” ಎಂದು ಕೂಗಿದ್ದೇ ತಡ, ಮೂಲೆಯಲ್ಲಿದ್ದವನೊಬ್ಬ ಅಭ್ಯಾಸಬಲದಿಂದ ಗೋಡೆಯ ಜಾಲರಿಗೆ ಕೈ ಹಾಕಿದ, ಇನ್ಸ್‌ಪೆಕ್ಟರು ಪಕ್ಕದಲ್ಲೇ ನಿಂತಿರುವುದನ್ನು ಕಂಡು ನಾಲಿಗೆ ಕಚ್ಚಿಕೊಂಡ. ಕನ್ನಡಕದ ಹೆಂಗಸೊಬ್ಬರು, ಎತ್ತರದ ಗಂಡಸೊಬ್ಬರು ಒಳಗೆ ಬಂದು ನೋಡುತ್ತಾರೆ: ಮೆಷಿನ್ನುಗಳೆಲ್ಲ ತೆಪ್ಪಗಿವೆ, ದೊಡ್ಡ ಪ್ರೆಸ್ಸಿನ ಕೆಳಗಿನಿಂದ ಎರಡು ಕಾಲು ಹೊರಗೆ ಬಂದಿವೆ.

“ಇವ್ರೇನಾ ಹುಡುಗಿ ತಂದೆ?” ಎಂದರು ಹೆಂಗಸು.

“ನಾನೇ ತಾಯೀ,” ಎಂದವು ಕಾಲುಗಳು. “ನಿಮಗೆ ಅಂತ ಇಟ್ಟಿದ್ದ ನಗೆಯೆಲ್ಲ ಇನ್ಸ್‌ಪೆಕ್ಟರಮ್ಮನಿಗೆ ಖರ್ಚಾಯ್ತು. ಜಾಲರಿ ಗೋಡೆಗೆ ಹಾಕಿ ಕೆಲಸ ಮಾಡಿಸ್ತಿದ್ದೆ, ಸಿಕ್ಕಿಬಿದ್ದೆ. ತಪ್ಪು ನಂದೇ. ನೀವು ಬೇಕಾದ್ರೆ ಬೈದು ಹೊರಡಿ, ನಾನು ಇದನ್ನ ಮುಗಿಸದೆ ಮೇಲೆ ಬರಲ್ಲ.”

ಎತ್ತರದ ಗಂಡಸು ಬಗ್ಗಿ ಪ್ರೆಸ್ಸಿನ ಕೆಳಗೆ ಇಣುಕಿದರು. ಹೆಂಡತಿಯ ಕೈಗೆ ಗಡಿಯಾರ ಬಿಚ್ಚಿ ಕೊಟ್ಟು ಮೊಣಕಾಲೂರಿದರು.

“ಈ ಕಡೆ ಬೋಲ್ಟಿಗೆ ವಾಷರ್ ಹಾಕಿಲ್ಲ. ನಾಳೇನೇ ಸಡಿಲ ಆಗತ್ತೆ. ಇನ್ನೊಂದು ಸ್ಪ್ಯಾನರ್ ಕೊಡಿ.”

“ಬೀಗರೇ, ಬಟ್ಟೆ ಹಾಳಾಗತ್ತೆ!” ಎಂದು ಮೇಸ್ತ್ರಿ ತಡವರಿಸಿದ. “ತಪ್ಪಾಯ್ತು, ಇನ್ನೂ ಬೀಗರು ಅನ್ನಬಾರ್ದು...”

“ಅನ್ನಿ, ಅನ್ನಿ. ಮೊದ್ಲು ಆ ಕಡೆ ಬಿಗಿ ಮಾಡಿ.”

ಒಂದೊಂದೇ ಜಾಲರಿ ಕೂರಿಸಿ ಮುಗಿಸುವಷ್ಟರಲ್ಲಿ ಟೀ ಎರಡು ಸಲ ಬಂತು. ಇನ್ಸ್‌ಪೆಕ್ಟರು ಪ್ರತಿಯೊಂದನ್ನೂ ಜಗ್ಗಿ ನೋಡಿ, ತಾವೇ ಸ್ವಿಚ್ಚು ಹಾಕಿದರು. ಗುಬ್ಬಿ ಇಕ್ಕಳದಲ್ಲಿ ತಗಡು ಹಿಡಿದು ತೂರಿಸಿದ, ಓರೆಯಾಯಿತು, ತೆಗೆದು ಮತ್ತೆ ತೂರಿಸಿದ. ಧಡ್. ನಿಜವಾದ ಬೀಗಿತ್ತಿ ಮೊದಲ ತಟ್ಟೆಯನ್ನು ಎತ್ತಿಕೊಂಡು, ಅಂಚಿನ ಎಣ್ಣೆಯನ್ನು ಕರ್ಚೀಫಿನಿಂದ ಒರೆಸಿ, “ಚೆನ್ನಾಗಿದೆ ಕಣ್ರೀ” ಎಂದು ಗಂಡನಿಗೆ ತೋರಿಸಿದರು.

ಮೇಸ್ತ್ರಿ ತಟ್ಟೆಯ ಕಡೆ ನೋಡಲಿಲ್ಲ. ಕರಿಯಾದ ಅಂಗಿಯಲ್ಲಿ ಗುಬ್ಬಿಯ ಹಿಂದೆ ನಿಂತು, ಜಾಲರಿಯ ಈಚೆಗಿದ್ದ ಅವನ ಎರಡು ದೊಡ್ಡ ಕೈಗಳನ್ನೇ ನೋಡುತ್ತಿದ್ದ.

“ನಿಧಾನ ಆಗತ್ತೆ ಮೇಸ್ತ್ರಿ,” ಎಂದ ಗುಬ್ಬಿ.

“ಆಗ್ಲಿ ಬಿಡೋ.”