ಬೀರುವಿನ ಹಿಂದಿನ ಗೋಡೆ

ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮಳೆ ಎರಡು ಕಡೆ ಬರುತ್ತದೆ: ಹೊರಗೊಂದು, ಒಳಗೊಂದು. ಹೊರಗಿನದು ಬೇಗ ನಿಲ್ಲುತ್ತದೆ. ಒಳಗಿನದಕ್ಕೆ ಅಂಥ ಅವಸರವಿಲ್ಲ. ಕ್ರೇನ್ ಆಪರೇಟರನ ಮನೆಯ ಗೋಡೆಯಂತೂ ವರ್ಷವಿಡೀ ಒದ್ದೆ. ಅದರ ಪಕ್ಕದಲ್ಲಿ ಮಲಗುವ ನಾಲ್ಕು ವರ್ಷದ ಮಗಳಿಗೆ ಉಬ್ಬಸ.

"ಮೊದಲು ಆ ಗೋಡೆಗೆ ಔಷಧಿ ಆಗ್ಬೇಕು, ಆಮೇಲೆ ಮಗುಗೆ," ಎಂದರು ಪಕ್ಕದ ಮನೆಯ ನರ್ಸಮ್ಮ. "ನಾಳೆ ಕಂಪನಿ ಇಂಜಿನಿಯರು ಮನೆ ನೋಡೋಕೆ ಬರ್ತಾರೆ. ಇದ್ದದ್ದು ಇದ್ದ ಹಾಗೇ ತೋರಿಸಿ."

ಆಪರೇಟರನ ತಾಯಿ ಮೂಗು ಮುರಿದರು. "ಮನೆಗೆ ಬಂದವರಿಗೆ ಬೂಷ್ಟು ತೋರಿಸೋದಾ? ಮರ್ಯಾದೆ ಬೇಡ್ವಾ?"

ಮರುದಿನ ಬೆಳಿಗ್ಗೆ, ಕೆಲಸದಲ್ಲಿ ಒಂದೇ ಬೆರಳಿನಿಂದ ಹತ್ತು ಟನ್ ಎತ್ತುವ ಮಗ, ಮನೆಯಲ್ಲಿ ಏದುಸಿರು ಬಿಡುತ್ತಾ ಕಬ್ಬಿಣದ ಬೀರುವನ್ನು ಗೋಡೆಗೆ ಅಡ್ಡ ತಳ್ಳಿದ. ಬಕೆಟ್ಟುಗಳು ಮಂಚದ ಕೆಳಗೆ ಹೋದವು. ಮುಗ್ಗಲು ವಾಸನೆಗೆ ಅಜ್ಜಿ ಅರ್ಧ ಡಬ್ಬಿ ಪೌಡರ್ ಚೆಲ್ಲಿದರು. ಬೀದಿಗೆ ಬೀದಿಯೇ ಹೀಗೆ ಸಿಂಗಾರವಾಯಿತು.

ಇಂಜಿನಿಯರು ಬಂದರು, ಟೀ ಕುಡಿದರು. "ಹನ್ನೊಂದು ಮನೆ ನೋಡಿದೆ, ಒಂದರಲ್ಲೂ ತೊಂದ್ರೆ ಇಲ್ಲ. ಈ ವರ್ಷ ಗಾರೆಯವರನ್ನ ಗೆಸ್ಟ್ ಹೌಸಿಗೇ ಕಳಿಸಿಬಿಡ್ತೀನಿ," ಎಂದು ಪೆನ್ನು ತೆಗೆದರು.

ಅಜ್ಜಿ ಬೀಗಿದರು. ಅಷ್ಟರಲ್ಲಿ ಮಗು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಉಸಿರು ಸಿಕ್ಕದೆ ಅಜ್ಜಿಯ ಸೆರಗು ಹಿಡಿಯಿತು. ಅಜ್ಜಿ ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡರು.

"ಪೆನ್ನು ನಿಲ್ಸಿ ಸ್ವಾಮಿ. ಲೋ, ಬೀರು ಸರಿಸು."

"ಅಮ್ಮಾ, ಈಗಷ್ಟೇ ಸೊಂಟ ಮುರ್ಕೊಂಡು..."

"ಸರಿಸೋ."

ಹಿಂದೆ ಕರ್ರಗಿನ ಗೋಡೆ. ಮೂಲೆಯಲ್ಲಿ ಎರಡು ಅಣಬೆಗಳು, ಸಾಹೇಬರಿಗಾಗಿಯೇ ಕಾದು ನಿಂತಂತೆ.

"ಇದನ್ನ ಯಾಕ್ರೀ ಮುಚ್ಚಿಟ್ರಿ?"

"ಮರ್ಯಾದೆ ಅಂದ್ಕೊಂಡೆ. ಗೋಡೆ ಕಂಪನಿದು, ಕೆಮ್ಮು ನಮ್ದು. ಮುಚ್ಚಿಟ್ಟು ನಾನ್ಯಾರ ಮರ್ಯಾದೆ ಕಾಯ್ತಿದ್ದೆನೋ."

ಅಜ್ಜಿ ಬಾಗಿಲಿಗೆ ಬಂದು ಕೂಗಿದರು: "ಬೀರು ಸರಿಸ್ರಮ್ಮಾ ಎಲ್ರೂ." ಬೀದಿಯುದ್ದಕ್ಕೂ ಕರಕರ ಸದ್ದೆದ್ದಿತು. ಪಾಪ ಇಂಜಿನಿಯರು ಮೊದಲ ಮನೆಯಿಂದ ಮತ್ತೆ ಶುರು ಮಾಡಿದರು. ಮತ್ತೆ ಹನ್ನೊಂದು ಲೋಟ ಟೀ. ನರ್ಸಮ್ಮ ಜೊತೆಗೇ ನಡೆದು ಪ್ರತಿ ಮನೆಯ ದೂರು ಬರೆಸಿ, ಸಹಿ ಹಾಕಿದ ಪ್ರತಿಯನ್ನು ಆಯಾ ಮನೆಗೆ ಕೊಡಿಸಿದರು. ಗಾರೆಯವರು ಗೆಸ್ಟ್ ಹೌಸಿನ ದಾರಿ ಬಿಟ್ಟು ಈ ಬೀದಿಗೆ ಬಂದರು. ಗೋಡೆ ಒಣಗಿತು. ಮಗು ಈಗ ರಾತ್ರಿಯೆಲ್ಲ ನಿದ್ದೆ ಮಾಡುತ್ತದೆ. ಗೊರಕೆ ಮಾತ್ರ ಅಜ್ಜಿಯದು.

ಅಕ್ಕಂದಿರೇ, ಅಣ್ಣಂದಿರೇ, ತಪಾಸಣೆಗೆ ಬಂದವರಿಗೆ ಟೀ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಮೊದಲು ಸೋರುವ ಜಾಗ ತೋರಿಸಿ, ದೂರು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅದಿರಲಿ, ನಿಮ್ಮ ಮನೆಯ ಬೀರು ಯಾವ ಗೋಡೆಗಿದೆ? ಇವತ್ತೇ ಒಮ್ಮೆ ಸರಿಸಿ ನೋಡಿ.