ಸಂದಿಯಲ್ಲಿ ಬಿದ್ದ ಚಿಲ್ಲರೆ

ಎಲ್ಲಿಗಾದರೂ ಹೋಗಿ ಬಂದ ಮೇಲೆ ಜೇಬಿಗೆ ಕೈ ಹಾಕಿ, "ಅರೆ, ಇಷ್ಟೇನಾ ಉಳಿದಿದ್ದು? ನಾನೇನು ಅಂಥಾದ್ದು ತಗೊಂಡೆ?" ಎಂದು ತಲೆ ಕೆರೆದುಕೊಳ್ಳದವರು ಯಾರಿದ್ದಾರೆ? ನಮ್ಮ ಸೋಫಾ ಮೇಸ್ತ್ರಿಯಂತೂ ಪ್ರತಿ ಸಲವೂ ಕೆರೆದುಕೊಳ್ಳುತ್ತಿದ್ದ.

ಹಳೆ ಸೋಫಾಗಳ ಬಟ್ಟೆ ಬಿಚ್ಚಿ, ಸ್ಪ್ರಿಂಗು ಬದಲಿಸಿ, ಹೊಸ ಬಟ್ಟೆ ಹೊಲಿದು ಕೊಡುವುದು ಅವನ ಕಸುಬು. ಅಂಗಡಿಯ ಹಿಂದೆಯೇ ಮನೆ. ಮನೆ ಎಂದರೆ ಒಂದು ಕೋಣೆ, ಒಂದು ಒಲೆ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಇದ್ದೊಬ್ಬ ಮಗಳು ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅಂಥ ಮಕ್ಕಳಿಗೆಂದೇ ದೂರದ ದೊಡ್ಡ ಊರಿನಲ್ಲಿ ಒಂದು ವಸತಿ ಶಾಲೆಯಿತ್ತು, ಅಲ್ಲಿ ಸೇರಿಸಿದ್ದ. ಪುಟ್ಟಿ ಕೈಯಲ್ಲಿ ಮಾತಾಡುವುದನ್ನು ಕಲಿತಳು. ಕಲಿತವಳೇ ಅಪ್ಪನಿಗೊಂದು ಹೆಸರಿಟ್ಟಳು. ಸೂಜಿ ಹಿಡಿದಂತೆ ಬೆರಳು ಕೂಡಿಸಿ, ದಾರವನ್ನು ಉದ್ದಕ್ಕೆ ಎಳೆಯುವುದು. ಅವಳು ಹಾಗೆ ಕೈ ಎಳೆದರೆ ಪುಟ್ಟಿಯ ಅಪ್ಪ ಬಂದನೆಂದು ಇಡೀ ಶಾಲೆಗೆ ತಿಳಿಯುತ್ತಿತ್ತು.

ಮೊದಲ ವರ್ಷ ತಿಂಗಳಿಗೊಂದು ಭಾನುವಾರ ತಪ್ಪದೆ ಹೋದ. ಆಮೇಲೆ ಹೋಗಿ ಬಂದಾಗಲೆಲ್ಲ ಕೈ ಕಚ್ಚತೊಡಗಿತು. ಒಂದು ತಿಂಗಳು ತಪ್ಪಿತು. ಅದರ ಹಿಂದೆಯೇ ಇನ್ನೊಂದು.

"ಈ ತಿಂಗಳೂ ಬೇಡ ಬಿಡೋ," ಎಂದಳು ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕ. "ಒಂದ್ಸಲ ಹೋಗಿ ಬಂದ್ರೆ ವಾರದ ದುಡಿಮೆಯೆಲ್ಲ ನೀರಲ್ಲಿ ಹೋಮ. ಆ ದುಡ್ಡು ಅವಳ ಹೆಸರಲ್ಲೇ ಇಡು, ನಾಳೆ ಅವಳಿಗೇ ಆಗುತ್ತೆ. ಮುಖ ನೋಡ್ಬೇಕು ಅನ್ಸಿದ್ರೆ ಫೋನ್ ಇದೆಯಲ್ಲ?"

"ಫೋನಲ್ಲಿ ಅವಳು ಕೈ ಆಡಿಸ್ತಾಳಕ್ಕ. ನನಗೆ ಅರ್ಧ ಅರ್ಥ ಆಗಲ್ಲ. ಅರ್ಥ ಆಗಿಲ್ಲ ಅಂತ ಅವಳಿಗೆ ಗೊತ್ತಾಗಿಬಿಡುತ್ತೆ. ಆಮೇಲೆ ಸುಮ್ಮನೆ ನನ್ನನ್ನೇ ನೋಡ್ತಾ ಕೂತಿರ್ತಾಳೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೂ, "ಹೋದ್ರೆ ದಂಡ ಕಣೋ," ಎಂದೇ ಹೇಳಿ ಎದ್ದಳು.

ಅವಳು ಹೋದ ಮೇಲೆ ಕೋಣೆ ಬಿಕೋ ಎಂದಿತು. ಮೇಸ್ತ್ರಿ ಅಂಗಿ ಬದಲಿಸಿ, ಕೈಬೀಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದೇಬಿಟ್ಟ.

ಈಗ ನೋಡಿ ನಮ್ಮ ಮೇಸ್ತ್ರಿಯ ಪ್ರಯಾಣ. ಮುಂಚೆ ಟಿಕೆಟ್ ಮಾಡಿಸಿರಲಿಲ್ಲ, ಸಾಮಾನ್ಯ ಬಸ್ಸು ತುಂಬಿ ಹೋಗಿತ್ತು, ಹಾಗಾಗಿ ದುಬಾರಿ ಬಸ್ಸೇ ಗತಿಯಾಯಿತು. ಬಾಯಾರಿತು, ನೀರಿನ ಬಾಟಲಿ ಕೊಂಡ. ಖಾಲಿಯಾಯಿತು, ಎಸೆದ, ಮತ್ತೆ ಬಾಯಾರಿತು, ಮತ್ತೆ ಕೊಂಡ. ಬಸ್ಸು ನಿಂತಲ್ಲೆಲ್ಲ ಇಳಿದು ಟೀ ಕುಡಿದ. ಹಸಿವಿಲ್ಲದಿದ್ದರೂ ಹೋಟೆಲಿಗೆ ನುಗ್ಗಿ ಊಟಕ್ಕೆ ಹೇಳಿ ಅರ್ಧ ಬಿಟ್ಟ. ರಾತ್ರಿ ನಿಲ್ದಾಣದ ಎದುರಿನ ಲಾಡ್ಜ್. ಬೆಳಿಗ್ಗೆ ಶಾಲೆಯ ಕಡೆಗೆ ಸಿಟಿ ಬಸ್ಸು ಯಾವುದೆಂದು ಕೇಳಲು ನಾಚಿಕೆಯಾಗಿ ಟ್ಯಾಕ್ಸಿ ಹತ್ತಿದ. ಎರಡು ತಿಂಗಳು ಬಾರದ ತಪ್ಪಿಗೆ ಶಾಲೆಯ ಎದುರಿನ ಅಂಗಡಿಯಲ್ಲಿ ಕೀಲಿ ಕೊಟ್ಟರೆ ಕುಣಿಯುವ ದೊಡ್ಡ ಕರಡಿಯೊಂದನ್ನು ಕೊಂಡ. ಜೇಬು ಹಗುರವಾಯಿತು, ಎದೆ ಆಗಲಿಲ್ಲ.

ಪುಟ್ಟಿ ಬಂದಳು, ಓಡಿ ಬರಲಿಲ್ಲ. ಕರಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಕೈ ತುಂಬಿದ್ದರೆ ಮಾತೆಲ್ಲಿ? ಅವಳು ಕರಡಿಯನ್ನು ಕೆಳಗಿಡುತ್ತಾಳೆ, ದಾರ ಎಳೆಯುತ್ತಾಳೆ ಎಂದು ಮೇಸ್ತ್ರಿ ಕಾದ. ಅವಳು ಕೆಳಗಿಡಲೇ ಇಲ್ಲ.

"ಮೊದಮೊದಲು ಭಾನುವಾರ ಕಿಟಕಿ ಬಿಟ್ಟು ಏಳ್ತಿರಲಿಲ್ಲ," ಎಂದರು ವಾರ್ಡನ್ ಮೇಡಂ, ಬೈಯುವ ದನಿಯಲ್ಲೇನೂ ಅಲ್ಲ. "ಈಗ ಕೂರೋದು ಬಿಟ್ಟಿದ್ದಾಳೆ."

ಆ ಮಾತು ನಾಟಿತು. ಮೇಸ್ತ್ರಿ ಹೊರಗೆ ಬಂದು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕುಸಿದು ಕೂತ.

ಅಲ್ಲಿ ಮೊದಲೇ ಒಬ್ಬರು ಕೂತಿದ್ದರು. ಹೆಗಲಿಗೆ ಸದಾ ದೊಡ್ಡದೊಂದು ಚೀಲ, ಹಾಗಾಗಿ ಎಲ್ಲರ ಬಾಯಲ್ಲೂ ಅವರು ಚೀಲದಮ್ಮ. ಮೊಮ್ಮಗ ಇದೇ ಶಾಲೆಯಲ್ಲಿದ್ದ. ಬಾಯಿ ಎಂದರೆ ಬಾಯಿ. ಬಿಟ್ಟರೆ ಬೆಂಚನ್ನೂ ಮಾತಾಡಿಸುವವರು.

"ಏನಪ್ಪಾ ಮೇಸ್ತ್ರಿ, ಮುಖ ಸಣ್ಣಗಾಗಿದೆ. ಎಷ್ಟು ದಿನ ಆಯ್ತು ನಿನ್ನ ನೋಡಿ!"

"ಬರೋಕಾಗಲ್ಲಮ್ಮ. ಖರ್ಚು. ನೀವು ಹೇಗೆ ಹದಿನೈದು ದಿನಕ್ಕೊಂದ್ಸಲ ಬರ್ತೀರೋ ದೇವರಿಗೇ ಗೊತ್ತು. ನಿಮಗೇನು, ಅನುಕೂಲ ಇರ್ಬೇಕು."

ಚೀಲದಮ್ಮ ಬಿದ್ದು ಬಿದ್ದು ನಕ್ಕರು. "ಅನುಕೂಲ! ಬಟ್ಟೆ ಅಂಗಡೀಲಿ ಸೀರೆ ಮಡಚಿ ಮಡಚಿ ಬೆರಳು ಸವೆದಿದೆ, ನೋಡು. ನೀನು ಒಂದ್ಸಲ ಬರೋ ದುಡ್ಡಲ್ಲಿ ನಾನು ಎರಡು ಸಲ ಬರ್ತೀನಿ, ಅಷ್ಟೇ. ಹಳೆ ಸೋಫಾ ಬಿಚ್ಚಿದಾಗ ಸಂದೀಲಿ ಏನು ಸಿಗುತ್ತೆ, ಹೇಳು."

"ಚಿಲ್ಲರೆ. ಬಾಚಣಿಗೆ, ಪೆನ್ನು. ಒಂದ್ಸಲ ಹಲ್ಲಿನ ಸೆಟ್ ಸಿಕ್ಕಿತ್ತು."

"ಕೂತೋರಿಗೆ ಬಿದ್ದದ್ದು ಗೊತ್ತಾಗಿರುತ್ತಾ?"

"ಹಲ್ಲಿನೋರಿಗೆ ಗೊತ್ತಾಗಿತ್ತು. ಚಿಲ್ಲರೆಯೋರಿಗೆ ಗೊತ್ತಾಗಲ್ಲ."

"ಹಾಂ! ನಿಂದೂ ಹಾಗೇ ಸಂದೀಲಿ ಬೀಳ್ತಿದೆ. ನಿನ್ನೆಯಿಂದ ಏನೇನು ಕೊಂಡೆ, ಹೇಳ್ತಾ ಹೋಗು."

ಮೇಸ್ತ್ರಿ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿಯೇ ಇಳಿಯಿತು. ನೀರು, ಟೀ, ಟ್ಯಾಕ್ಸಿ, ಲಾಡ್ಜ್.

"ಲಾಡ್ಜ್ ಯಾಕೋ ಮಾರಾಯ?" ಚೀಲದಮ್ಮ ಹಣೆ ಚಚ್ಚಿಕೊಂಡರು. "ಈ ಕಾಂಪೌಂಡಿನ ಒಳಗೇ ತಂದೆತಾಯಿಗಳಿಗೆ ಅಂತ ಕೋಣೆ ಇದೆ. ಎರಡು ದಿನ ಮುಂಚೆ ಫೋನ್ ಮಾಡಿ ಹೇಳಿದ್ರೆ ಆಯ್ತು, ಲಾಡ್ಜಿನ ಕಾಲುಭಾಗವೂ ಇಲ್ಲ."

"ಯಾರೂ ನನಗೆ ಹೇಳಲಿಲ್ಲ."

"ನೀನು ಯಾರನ್ನ ಕೇಳಿದೆ?"

ಚೀಲದಮ್ಮ ಚೀಲದಿಂದ ಡಬ್ಬಿ ತೆಗೆದು, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಬಾಳೆಹಣ್ಣು ಬೆಂಚಿನ ಮೇಲೆ ಹರಡಿ, ಅರ್ಧ ಅವನ ಕಡೆ ತಳ್ಳಿದರು. "ನನಗೆ ಬರೋ ಭಾನುವಾರ ಮೊದಲೇ ಗೊತ್ತಿರುತ್ತಲ್ಲ, ಹೋಗೋಕೆ ಬರೋಕೆ ಎರಡೂ ಟಿಕೆಟ್ ಮುಂಚೇನೇ ಮಾಡಿಸ್ತೀನಿ, ಸಾಮಾನ್ಯ ಬಸ್ಸಲ್ಲೇ ಸೀಟು ಸಿಗುತ್ತೆ. ನೀರು ಮನೇದು. ಇನ್ನು ಟೀ ಒಂದೇ ಸಲ, ಅದೂ ಮನಸ್ಸಿಟ್ಟು ಕುಡೀತೀನಿ. ದಾರಿ ಖರ್ಚಿಗೆ ಬೇರೆ ಪುಟ್ಟ ಪರ್ಸು, ಅದು ಖಾಲಿ ಆದ್ರೆ ಅಂಗಡಿ ಕಡೆ ತಿರುಗೂ ನೋಡಲ್ಲ."

"ಇದೆಲ್ಲ ಕಂಜೂಸಿ ಅನ್ಸುತ್ತಮ್ಮ."

"ಕಂಜೂಸಿ ಮಾಡಿ ಒಂದ್ಸಲ ಅನುಭವಿಸಿದ್ದೀನಿ. ಹಿಂದಿನ ದಿನದ ಹಳಸಿದ್ದನ್ನ ಎಸೆಯೋಕೆ ಮನಸ್ಸಾಗದೆ ತಿಂದು, ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿದ್ದೆ. ಆ ಕಂಡಕ್ಟರ್ ಈಗಲೂ ನನ್ನ ಕಂಡ್ರೆ ಬಾಗಿಲ ಪಕ್ಕದ ಸೀಟೇ ಕೊಡ್ತಾನೆ! ಹೊಟ್ಟೆ ಕಟ್ಟು ಅಂತ ನಾನು ಹೇಳ್ತಿಲ್ಲಪ್ಪ. ಗೊತ್ತಿಲ್ಲದ ಜಾಗದಲ್ಲಿ ಹೊತ್ತಾಗಿದ್ರೆ ಟ್ಯಾಕ್ಸಿ ಹತ್ತು, ಅದು ಖರ್ಚಲ್ಲ. ಬೇಡದ್ದನ್ನ ಬಿಡು ಅಂತಿದ್ದೀನಿ."

ಮೇಸ್ತ್ರಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಕೂತಿದ್ದ. ನೆಲ ನೋಡುತ್ತಲೇ ಹೇಳಿದ: "ಹಸಿವಾಗಿ ಹೋಟೆಲಿಗೆ ಹೋಗಲ್ಲಮ್ಮ ನಾನು. ನಿಲ್ದಾಣದಲ್ಲಿ ಒಬ್ಬನೇ ಡಬ್ಬಿ ಬಿಚ್ಚಿ ತಿನ್ನೋದಂದ್ರೆ ಏನೋ ಸಂಕಟ. ಹೋಟೆಲಲ್ಲಾದ್ರೆ ಒಬ್ಬ ಬಂದು 'ಏನು ಬೇಕು' ಅಂತ ಕೇಳ್ತಾನೆ. ಇಡೀ ದಿನಕ್ಕೆ ನನ್ನನ್ನ ಏನು ಬೇಕು ಅಂತ ಕೇಳೋನು ಅವನೊಬ್ಬನೇ."

ಚೀಲದಮ್ಮ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಾನ್ಯಾಕೆ ಇಷ್ಟು ಮಾತಾಡ್ತೀನಿ ಅಂದ್ಕೊಂಡಿದ್ದೀಯ? ಮನೇಲಿ ಬಾಯಿ ಬಿಡೋಕೆ ಯಾರೂ ಇಲ್ಲ, ಮೇಸ್ತ್ರಿ. ಆ ಸಂಕಟ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಟೀ ಕುಡಿದ್ರೂ ಹೋಗಲ್ಲ, ಕುಡೀದಿದ್ರೂ ಹೋಗಲ್ಲ. ಹೋಗದೇ ಇರೋದಕ್ಕೆ ದುಡ್ಡು ಯಾಕೆ ಸುರೀತೀಯ? ಆ ದುಡ್ಡಿಗೆ ನಿನ್ನ ಮಗಳು ಸಿಗ್ತಾಳೆ."

ಊರಿಗೆ ಮರಳಿದ ಮೇಲೆ ಮೇಸ್ತ್ರಿ ಎರಡು ವಾರದ ನಂತರದ ಟಿಕೆಟ್ಟನ್ನು ಹೋಗಲೂ ಬರಲೂ ಮಾಡಿಸಿದ. ಅಕ್ಕ ಕೆನ್ನೆಗೆ ಕೈಯಿಟ್ಟಳು. "ಮತ್ತೆ ಹೋಗ್ತೀಯಾ? ತಲೆಗಿಲೆ ಕೆಟ್ಟಿದೆಯಾ?"

"ಬಂದ ಮೇಲೆ ಪರ್ಸು ನಿನ್ನ ಕೈಗೇ ಕೊಡ್ತೀನಿ, ನೀನೇ ನೋಡಕ್ಕ."

ಹೇಳಿದ್ದು ಸುಲಭ, ಮಾಡುವುದು ಕಷ್ಟವಾಯಿತು. ನಡುದಾರಿಯ ನಿಲ್ದಾಣದಲ್ಲಿ ಡಬ್ಬಿ ತೆರೆದಾಗ ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂದುಕೊಂಡ. ಯಾರೂ ನೋಡಲಿಲ್ಲ. ಅದು ಇನ್ನೂ ಕಷ್ಟವೆನಿಸಿತು. ಎದುರಿನ ಹೋಟೆಲಿನ ಘಮ, ತಟ್ಟೆಗಳ ಸದ್ದು ಕರೆದವು. ಅವನು ತಲೆ ತಗ್ಗಿಸಿ ಬ್ರೆಡ್ಡು ತಿಂದು ಮುಗಿಸಿದ. ದೊಡ್ಡ ಊರಿನಲ್ಲಿ ಇಳಿದು, ಕೆಮ್ಮಿ ಗಂಟಲು ಸರಿಮಾಡಿಕೊಂಡು ಒಬ್ಬ ಹುಡುಗಿಯನ್ನು ಸಿಟಿ ಬಸ್ಸು ಯಾವುದೆಂದು ಕೇಳಿದ. ಅವಳು ಬಸ್ಸು ಬರುವ ಕಂಬದವರೆಗೂ ಬಂದು ತೋರಿಸಿ ಹೋದಳು.

ಶಾಲೆಯ ಕೋಣೆಯಲ್ಲಿ ಇದ್ದದ್ದು ಒಂದು ಕಬ್ಬಿಣದ ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಸಂಜೆ ಕಿಟಕಿಯಲ್ಲಿ ನಿಂತಿದ್ದಾಗ ಎದುರಿನ ಕಟ್ಟಡದ ದೀಪಗಳೆಲ್ಲ ಒಮ್ಮೆಗೇ ಆರಿ ಹತ್ತಿದವು, ಮತ್ತೆ ಆರಿ ಹತ್ತಿದವು. ಕರೆಂಟಿನ ತೊಂದರೆ ಇರಬೇಕೆಂದುಕೊಂಡ. ಮರುಕ್ಷಣ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಹೊರಬಂದರು. ಕಿವಿ ಕೇಳದ ಮಕ್ಕಳಿಗೆ ಅದೇ ಊಟದ ಗಂಟೆ. ಸಾಲಿನ ಕೊನೆಯಲ್ಲಿ ಪುಟ್ಟಿ. ಒಬ್ಬಳೇ, ಯಾರ ಕೈಯನ್ನೂ ಹಿಡಿಯದೆ. ಇಷ್ಟು ದಿನ ದುಡ್ಡು ಹೆಚ್ಚು ಕೊಟ್ಟು ಮಗಳಿಂದ ದೂರ ಮಲಗಿದ್ದೆನಲ್ಲ ಎಂದು ಮೇಸ್ತ್ರಿಯ ಕಣ್ಣು ತುಂಬಿ ಬಂತು.

ಬೆಳಿಗ್ಗೆ ಅಪ್ಪನನ್ನು ಕಂಡು ಪುಟ್ಟಿ ಗಾಬರಿಯಾದಳು. ಇಷ್ಟು ಬೇಗ ಯಾಕೆ ಬಂದ? ವಾರ್ಡನ್ ಮೇಡಂ ಕಡೆ ತಿರುಗಿ ಏನೋ ಕೇಳಿದಳು. "ಯಾರಿಗಾದ್ರೂ ಹುಷಾರಿಲ್ವಾ ಅಂತ ಕೇಳ್ತಿದ್ದಾಳೆ," ಎಂದರು ಮೇಡಂ. ಮೇಸ್ತ್ರಿ ಇಲ್ಲ ಇಲ್ಲವೆಂದು ಕೈಯಾಡಿಸಿದ. ಈ ಸಲ ಕರಡಿಯಿರಲಿಲ್ಲ. ಸೋಫಾ ಬಟ್ಟೆಯ ಚೂರುಗಳಲ್ಲಿ ತಾನೇ ಹೊಲಿದ ಪುಟ್ಟ ದಿಂಬಿತ್ತು. ಹೊರಡುವಾಗ ಎರಡು ಬೆರಳು ತೋರಿಸಿದ. ಎರಡನೆಯ ಭಾನುವಾರಕ್ಕೆ ಮತ್ತೆ ಬರುತ್ತೇನೆಂದು. ಪುಟ್ಟಿ ಆ ಬೆರಳುಗಳನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ನಂಬಿದಂತೆ ಕಾಣಲಿಲ್ಲ.

ಪರ್ಸು ಅಕ್ಕನ ಕೈ ಸೇರಿತು. ಅವಳು ತೆರೆದು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಪರ್ಸು ನೋಡಿದಳು. "ಊಟಗೀಟ ಬಿಟ್ಟಿಲ್ಲ ತಾನೆ?"

"ಹೊಟ್ಟೆ ತುಂಬ ತಿಂದಿದ್ದೀನಿ. ಅದರಲ್ಲಿ ಉಳಿದಿರೋದೇ ಮುಂದಿನ ಟಿಕೆಟ್ ಕಣಕ್ಕ."

ಅಕ್ಕ ಪರ್ಸನ್ನು ಅವನ ಕೈಗೆ ವಾಪಸ್ ಇಟ್ಟಳು. ಎರಡು ವಾರದ ನಂತರ ಮೇಸ್ತ್ರಿ ಹೊರಟಾಗ, ಬೇಯಿಸಿ ಆರಿಸಿದ ಮೊಟ್ಟೆಗಳ ಡಬ್ಬಿ ಹಿಡಿದು ಅವಳೇ ಬಾಗಿಲಲ್ಲಿ ನಿಂತಿದ್ದಳು. "ಮುಂದಿನ ಸಲ ನನಗೂ ಒಂದು ಟಿಕೆಟ್ ಮಾಡ್ಸು. ಮುಂಚೇನೇ ಮಾಡ್ಸು, ಕೊನೆ ಗಳಿಗೇಲಿ ಓಡಾಡ್ಬೇಡ," ಎಂದು ಅವನಿಗೇ ಪಾಠ ಹೇಳಿದಳು.

ಆ ಸಲ ಸಿಟಿ ಬಸ್ಸಿಳಿದು ಮೇಸ್ತ್ರಿ ರಸ್ತೆಯ ತಿರುವು ದಾಟಿದಾಗ ಶಾಲೆಯ ಗೇಟು ಮುಚ್ಚಿತ್ತು. ಸರಳುಗಳ ಹಿಂದೆ ಪುಟ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಸರಳಿನ ಗುರುತು ಕೆನ್ನೆಯ ಮೇಲೆ ಮೂಡಿತ್ತು. ಅಪ್ಪನನ್ನು ಕಂಡವಳೇ ಬೆರಳು ಕೂಡಿಸಿ ಸೂಜಿ ಹಿಡಿದಳು. ಎಳೆದಳು. ದಾರ ಎಷ್ಟು ಉದ್ದವಿತ್ತೆಂದರೆ ಅವಳ ಕೈ ಸಾಲಲಿಲ್ಲ. ಎಳೆಯುತ್ತ ಎಳೆಯುತ್ತ ಹಿಂದೆ ಹಿಂದೆ ಹೆಜ್ಜೆ ಹಾಕಿದಳು. ಇತ್ತ ಮೇಸ್ತ್ರಿ ಅದರ ತುದಿಗೆ ಕಟ್ಟಿದವನಂತೆ ಮುಂದೆ ಮುಂದೆ ಬಂದ.

ಅಕ್ಕಂದಿರೇ, ಅಣ್ಣಂದಿರೇ, ನೀವು ಯಾರನ್ನು ನೋಡಲು ಹೋಗುವುದನ್ನು ಖರ್ಚಿನ ನೆಪದಲ್ಲಿ ಮುಂದೂಡಿದ್ದೀರಿ? ಹೊರಡುವ ದಿನವನ್ನು ಇವತ್ತೇ ಗೊತ್ತುಮಾಡಿ. ಟಿಕೆಟ್ಟು ಮುಂಚೆ ಮಾಡಿಸಿ, ಮನೆಯ ನೀರು, ಮನೆಯ ಡಬ್ಬಿ ಚೀಲಕ್ಕೆ ಹಾಕಿ. ಉಳಿಯಲು ಕಡಿಮೆ ಖರ್ಚಿನ ಜಾಗ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ಕಾಸು ಬೇಕಿಲ್ಲ. ದಾರಿಯಲ್ಲಿ ಒಬ್ಬರೇ ಕೂತು ಡಬ್ಬಿ ತೆರೆಯುವ ಯಾರಾದರೂ ಕಂಡರೆ, ಪಕ್ಕದಲ್ಲಿ ಕೂತು ನಿಮ್ಮದನ್ನೂ ತೆರೆಯಿರಿ. ಹೀಗೆ ಸಂದಿಯಲ್ಲಿ ಬೀಳುವ ಚಿಲ್ಲರೆಯನ್ನು ಹಿಡಿದಿಟ್ಟುಕೊಂಡು, ಗೇಟಿನ ಹಿಂದೆ ನಿಂತು ಕಾಯುವವರ ಬಳಿಗೆ ಇನ್ನೊಂದು ಸಲ ಹೋಗಿ ಬನ್ನಿ.