ಒಂದೂವರೆ ಅಡಿ

ಏಳಡಿ, ಅಲ್ಲ, ಏಳಡಿ ಎರಡಂಗುಲ, ಸಾಲಿನಲ್ಲಿ ಮುಂದೆ ನಿಂತ ಹೆಂಗಸಿನ ಕೂದಲ ಕ್ಲಿಪ್ಪಿಗೆ, ಅದರ ಒಂದು ಹಲ್ಲು ಮುರಿದಿದೆ, ಈಗ ಆಕೆ ಮುಂದೆ ಸರಿದಳು, ಎಂಟೂವರೆ — ಸಾಕು, ಇಲ್ಲಿ ಯಾರೂ ನಿನ್ನನ್ನು ಅಳೆಯಲು ಕರೆದಿಲ್ಲ, ಚೀಟಿ ಕೊರಳಿಗೆ ಹಾಕಿಕೊಂಡು ಸುಮ್ಮನೆ ಒಳಗೆ ನಡೆ, ಚೀಟಿಯಲ್ಲಿ ವೃತ್ತಿ ಎಂದಿರುವ ಕಡೆ ಕೌಂಟರಿನವನು ಸಂದರ್ಶಕಿ ಎಂದು ಹಾಕಿದ್ದಾನೆ, ತಿದ್ದಿಸಬೇಕಿತ್ತೇನೋ, ಆದರೆ ಫೋಕಸ್ ಎಳೆಯುವವಳು ಎಂದರೆ ಯಾರಿಗೆ ತಿಳಿಯುತ್ತದೆ, ಹೆತ್ತಮ್ಮನಿಗೇ ಹದಿನಾಲ್ಕು ವರ್ಷವಾದರೂ ತಿಳಿದಿಲ್ಲ, ಇನ್ನೊಬ್ಬರ ಮೂಗಿಗೂ ಗಾಜಿಗೂ ಎಷ್ಟು ದೂರ ಅಂತ ನೋಡೋದೂ ಒಂದು ಕೆಲಸವೇನೇ ಅನ್ನುತ್ತಾಳೆ, ಹೌದಮ್ಮ, ನಟ ನಡೆದರೆ ಆ ದೂರ ಬದಲಾಗುತ್ತದೆ, ಅವನ ಹೆಜ್ಜೆಗೆ ಸರಿಯಾಗಿ ಲೆನ್ಸಿನ ಉಂಗುರ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಮುಖ ಮಸುಕಾಗುತ್ತದೆ, ಸರಿಯಾಗಿ ಮಾಡಿದರೆ ನೀನು ಅಲ್ಲಿದ್ದೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಪರದೆಯ ಮೇಲೆ ಊರಿಗೆಲ್ಲ ಗೊತ್ತಾಗುತ್ತದೆ, ಅಡುಗೆಗೆ ಉಪ್ಪು ಹಾಕಿದ ಹಾಗೆ ಅಂದರೆ, ಅದಕ್ಕೆ ಇಷ್ಟು ಓದಬೇಕಿತ್ತಾ ಅಂದಳು. ಸಿನಿಮಾ ಸಲಕರಣೆಗಳ ಮೇಳದ ಒಳಗೆ ತಂಪು, ಹೊಸ ಕಾರ್ಪೆಟ್ಟಿನ ಅಂಟಿನ ವಾಸನೆ, ಗಾಜಿನ ಪೆಟ್ಟಿಗೆಗಳಲ್ಲಿ ಒಡವೆಯಂತೆ ಕೂರಿಸಿದ ಲೆನ್ಸುಗಳು, ಬಲೆಯೊಳಗೆ ಹಾರುವ ಡ್ರೋನು, ಒಂದು ಮೂಲೆಯಲ್ಲಿ ಒಬ್ಬಳು ಹುಡುಗಿ ಹೂದಾನಿಯ ಪಕ್ಕ ಕೂತು ಬೆಳಗಿನಿಂದ ಮುಗುಳ್ನಗುತ್ತಿದ್ದಾಳೆ, ಬಂದವರು ಹಿಡಿದು ನೋಡಲೆಂದು ಅವಳತ್ತ ಹದಿನೆಂಟು ಕ್ಯಾಮೆರಾ, ಒಂದರಲ್ಲೂ ಕತೆಯಿಲ್ಲ, ಪಾಪ, ಕೆನ್ನೆ ನೋಯುವುದಿಲ್ಲವೇ, ಆ ಹುಡುಗಿಗೆ ಹನ್ನೆರಡಡಿ, ಅವಳ ಹಿಂದಿನ ಕಂಬಕ್ಕೆ ಹದಿನಾರು, ಕಂಬದ ಪಕ್ಕದಲ್ಲಿ ಅವರಿಲ್ಲ.

ಇರುತ್ತಾರೆ, ಹನ್ನೊಂದು ಗಂಟೆಗೆ ಬರುತ್ತಾರೆ, ಮೇಕಪ್ಪಿನವಳು ಫೋನಿನಲ್ಲಿ ಹೇಳಿದ್ದಳು, ಯಾವುದೋ ಫೋಕಸ್ ಯಂತ್ರದವರು ನಿಮ್ಮ ಕ್ಯಾಮೆರಾಮನ್ ಸರ್‌ನ ಕರೆಸಿದ್ದಾರಂತೆ ಕಣೇ, ಹೊಸ ಸಿನಿಮಾನೂ ಮುಂದಿನ ತಿಂಗಳೇ ಶುರುವಂತೆ, ಹೋಗಿ ಎದುರಿಗೆ ನಿಂತ್ಕೋ, ಸರ್ ನಾನೇ ಬರ್ತೀನಿ ಅನ್ನು, ನಾಲ್ಕು ಮಾತು, ಅದಕ್ಕೂ ಟೇಪ್ ಹಿಡಿದು ಅಳೀಬೇಡ. ಅಳೆಯದೆ ಹೇಗಿರಲಿ, ಹನ್ನೊಂದು ತಿಂಗಳಿಂದ ಅವರ ಫೋನಿಲ್ಲ, ಅದಕ್ಕೆ ಮೊದಲು ಹದಿನಾಲ್ಕು ವರ್ಷ ಅವರ ಯಾವ ಚಿತ್ರಕ್ಕೂ ಬರ್ತೀಯಾ ಅಂತ ನನ್ನನ್ನು ಕೇಳಿಯೇ ಇರಲಿಲ್ಲ, ಅಡಿಕೋಲು, ಸೋಮವಾರ ಆರಕ್ಕೆ ಗಾಡಿ ಬರತ್ತೆ, ಅಷ್ಟೇ ಅನ್ನುತ್ತಿದ್ದರು, ಅಡಿಕೋಲು ಅವರಿಟ್ಟ ಹೆಸರು, ಮೊದಲ ವಾರ ಅಣಕಕ್ಕೆ ಇಟ್ಟದ್ದು, ಆಮೇಲೆ ಅದೇ ನಿಂತಿತು. ಕ್ಯಾಮೆರಾದ ಹಿಂದೆ ಅವರು, ಎಡಗಡೆ ನಾನು, ಅವರ ಭುಜಕ್ಕೂ ನನ್ನ ಭುಜಕ್ಕೂ ಒಂದೂವರೆ ಅಡಿ, ಅವರು ಕ್ಯಾಮೆರಾ ಹೊರಳಿಸುವ ಮೊದಲು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾರೆ, ಆ ಉಸಿರು ಕೇಳಿಯೇ ನನ್ನ ಬೆರಳು ಹೊರಡುತ್ತಿದ್ದವು, ಅವರಿಗೆ ಮನೆಯಿದೆ, ಹೆಂಡತಿ ಇದ್ದಾರೆ, ಒಳ್ಳೆಯವರು, ಮಗಳು ಕಾಲೇಜಿಗೆ ಹೋಗುತ್ತಾಳೆ, ನಾನು ಅದನ್ನೆಲ್ಲ ಬಯಸಿದವಳಲ್ಲ, ದೇವರಾಣೆಗೂ, ಬಯಸಿದ್ದು ಒಂದೂವರೆ ಅಡಿ ಜಾಗ ಮಾತ್ರ, ಅದನ್ನೂ ಕಳೆದುಕೊಂಡೆ, ಎಂಟು ಸೆಕೆಂಡಿನಲ್ಲಿ. ಕೊನೆಯ ಚಿತ್ರದಲ್ಲಿ ಒಬ್ಬ ಹಳೆಯ ನಟರು ಬಾಗಿಲಿಂದ ಕಿಟಕಿಗೆ ನಡೆದು ಬಂದು ನಿಲ್ಲಬೇಕು, ನಿಲ್ಲುವಲ್ಲಿ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದ್ದೆ, ಆರಡಿ, ಎರಡು ಸಲ ಅಳೆದಿದ್ದೆ, ಕಿಟಕಿಯ ಬಿಸಿಲು ಇಳಿಯುತ್ತಿತ್ತು, ಸಂಜೆಯ ವಿಮಾನಕ್ಕೆ ನಟರು ಹೊರಡುವವರು, ಇದ್ದದ್ದು ಒಂದೇ ಟೇಕು, ನಟರು ಪಟ್ಟಿಯ ಮೇಲೆ ನಿಲ್ಲಲಿಲ್ಲ, ಅರ್ಧ ಅಡಿ ಮುಂದೆ ಬಂದುಬಿಟ್ಟರು, ಮುಖ ಎತ್ತಿದರು, ಆಗ ನಾನು ಅವರನ್ನು ನೋಡುತ್ತಿರಲಿಲ್ಲ. ಸರ್‌ನ ನೋಡುತ್ತಿದ್ದೆ. ಅವರ ಉಸಿರು ಬರಲಿಲ್ಲ ಅಂತ ತಿರುಗಿದೆ, ಕ್ಯಾಮೆರಾಕ್ಕೆ ಒತ್ತಿಕೊಂಡ ಕೆನ್ನೆ ಒದ್ದೆಯಾಗಿತ್ತು, ನಟರ ಅಭಿನಯಕ್ಕೆ ಅಳುತ್ತಿದ್ದರು, ಸದ್ದಿಲ್ಲದೆ, ನಾನು ನೋಡುತ್ತಾ ನಿಂತೆ, ಹದಿನಾಲ್ಕು ವರ್ಷದಲ್ಲಿ ಎಂದೂ ಟೇಕಿನ ನಡುವೆ ಆ ಕಡೆ ತಿರುಗಿದವಳಲ್ಲ, ತಿರುಗಬಾರದು ಅನ್ನುವುದೇ ನಮ್ಮ ಕೆಲಸದ ಮೊದಲ ಪಾಠ, ಕೈ ಉಂಗುರದ ಮೇಲಿತ್ತು, ಕಣ್ಣು ಮಾತ್ರ ಇರಲಿಲ್ಲ, ಆಮೇಲೆ ಮಾನಿಟರಿನಲ್ಲಿ ನೋಡಿದರೆ ಆ ಮುಖ ಆವಿ ಹಿಡಿದ ಗಾಜಿನ ಹಿಂದಿನದರಂತೆ, ಪರವಾಗಿಲ್ಲ ಬಿಡು, ಅಂದರು ಸರ್, ನನ್ನ ಕಡೆ ನೋಡದೆ, ಬೈಯಬೇಕಿತ್ತು, ಬೈದಿದ್ದರೆ ಸೋಮವಾರ ಆರಕ್ಕೆ ಗಾಡಿ ಬರುತ್ತಿತ್ತು.

ಮೇಡಂ ಒಂದ್ಸಲ ಇಲ್ಲಿ ನೋಡಿ, ಕಪ್ಪು ಕೋಟಿನ ಮಾರಾಟದ ಹುಡುಗಿ, ಕೈಯಲ್ಲಿ ಕರಪತ್ರ, ಇದೇ ಆ ಮಳಿಗೆ, ಟ್ರೈಪಾಡಿನ ಮೇಲೆ ಕ್ಯಾಮೆರಾ, ಅದರ ಎಡಗಡೆ ಸಣ್ಣ ಲೋಹದ ಕೈಗೆ ಸಿಕ್ಕಿಸಿದ ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರ, ಇದು ಬೆಳಕು ಬಿಟ್ಟು ದೂರ ಅಳೆಯುತ್ತೆ ಮೇಡಂ, ಮೋಟಾರು ತಾನಾಗೇ ಉಂಗುರ ತಿರುಗಿಸುತ್ತೆ, ಊಟ ಕೇಳಲ್ಲ, ರಜೆ ಕೇಳಲ್ಲ, ಅಂದು ನಕ್ಕಳು, ಎಲ್ಲರಿಗೂ ಹೇಳುವ ತಮಾಷೆ ಇರಬೇಕು, ನಾನೂ ನಕ್ಕೆ, ನಗದಿದ್ದರೆ ಗೊತ್ತಾಗುತ್ತದೆ. ಪಕ್ಕದ ದೊಡ್ಡ ಪರದೆಯ ಮೇಲೆ ದಾರಿಹೋಕರ ಮುಖಗಳು, ಪ್ರತಿ ಮುಖ ಬಂದಾಗಲೂ ಒಂದು ಹಸಿರು ಚೌಕ ಬಂದು ಕಣ್ಣಿನ ಮೇಲೆ ಕೂರುತ್ತದೆ, ನೊಣ ಕೂತ ಹಾಗೆ, ಮುಖ ಹೋದರೆ ಎದ್ದು ಇನ್ನೊಂದು ಕಣ್ಣಿಗೆ, ತಪ್ಪುವುದೇ ಇಲ್ಲ, ಹಾಳಾದದ್ದು, ನಿಜಕ್ಕೂ ತಪ್ಪುವುದಿಲ್ಲ, ಹತ್ತು ನಿಮಿಷ ನೋಡಿದೆ, ಒಮ್ಮೆ ತಪ್ಪಲಿ ಅಂತ ಕಾದೆ, ಬೇರೆಯವರ ಮಗು ಓಡುವಾಗ ಬೀಳಲಿ ಅಂತ ಕಾದ ಹಾಗೆ, ಛೇ. ಅಡಿಕೋಲು, ಅಂತ ಕೇಳಿಸಿತು. ನಾಲ್ಕಡಿ. ತಿರುಗುವ ಮೊದಲೇ ಗೊತ್ತು, ನಾಲ್ಕಡಿ, ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ. ಕೂದಲು ಇನ್ನಷ್ಟು ಬೆಳ್ಳಗಾಗಿದೆ, ಅಂಗಿಯ ಕಾಲರಿಗೆ ಮಳಿಗೆಯವರು ಕೊಟ್ಟ ಬಿಲ್ಲೆ, ಹೇಗಿದ್ದೀಯ ಅಂದರು, ಚೆನ್ನಾಗಿದ್ದೀನಿ ಸರ್, ಅಮ್ಮ ಹೇಗಿದ್ದಾರೆ, ಇದ್ದಾರೆ ಸರ್, ಮೇಕಪ್ಪಿನವಳ ನಾಲ್ಕು ಮಾತು, ಹೇಳು, ಈಗ ಹೇಳು, ಹೊಸ ಸಿನಿಮಾಕ್ಕೆ, ಅಂದೆ, ಅಲ್ಲಿಗೆ ನಿಂತಿತು, ಅವರು ಸೋಪಿನ ಡಬ್ಬಿಯ ಕಡೆ ನೋಡಿದರು, ಇದರ ಕಂಪನಿ ಜೊತೆ ಸಹಿ ಹಾಕಿದ್ದೀನಿ, ಅಂದರು, ಇಡೀ ಚಿತ್ರ ಇದರಲ್ಲೇ. ಹೌದಾ ಸರ್. ಹೌದು. ಮಾರಾಟದ ಹುಡುಗಿ ಮೈಕು ಸರಿಮಾಡಲು ಆಚೆ ಹೋದಳು, ಅವರು ದನಿ ತಗ್ಗಿಸಿದರು, ನಿನಗೊಂದು ವಿಷಯ ಹೇಳಬೇಕಿತ್ತು, ಅವತ್ತು, ಕಿಟಕಿ ಹತ್ತಿರ, ನೀನು ಅಳೆದಾದ ಮೇಲೆ ನಾನು ಲೆನ್ಸ್ ತೆರೆದಿದ್ದೆ, ನಾಲ್ಕರಿಂದ ಎರಡಕ್ಕೆ.

ನಾಲ್ಕರಿಂದ ಎರಡಕ್ಕೆ — ಲೆನ್ಸಿನ ಕಂಡಿ ಅಗಲವಾದರೆ ಬೆಳಕು ಹೆಚ್ಚು ಬರುತ್ತದೆ, ಮುಖ ಸ್ಪಷ್ಟವಾಗಿ ನಿಲ್ಲುವ ಜಾಗ ಕಿರಿದಾಗುತ್ತದೆ, ಒಂದು ಗೇಣಿದ್ದದ್ದು ಅರ್ಧ ಗೇಣಾಗುತ್ತದೆ, ಅದಕ್ಕೇ ತೆರೆದರೆ ಬಾಯಿಬಿಟ್ಟು ಹೇಳಬೇಕು, ಅವರು ಎರಡು ಅನ್ನಬೇಕು, ನಾನು ಮರಳಿ ಎರಡು ಅನ್ನಬೇಕು, ಹದಿನಾಲ್ಕು ವರ್ಷ ಹಾಗೇ ನಡೆದಿತ್ತು, ಗುಡಿಯಲ್ಲಿ ಗಂಟೆ ಹೊಡೆದ ಹಾಗೆ ತಪ್ಪದೆ. ಹೇಳಿದ್ರೆ ನೀನು ಮತ್ತೆ ಟೇಪ್ ಹಿಡೀತಿದ್ದೆ, ಅಷ್ಟರಲ್ಲಿ ಬಿಸಿಲು ಹೋಗ್ತಿತ್ತು, ಅಂತ ಹೇಳಲಿಲ್ಲ, ತಪ್ಪು ನಂದು, ಎಲ್ಲರೂ ನಿನ್ನ ಕೈ ಅಂದ್ಕೊಂಡ್ರು, ನಾನು ಸುಮ್ಮನಿದ್ದೆ, ಆಮೇಲೆ ನಿನ್ನ ಮುಖ ನೋಡೋಕಾಗ್ಲಿಲ್ಲ, ಫೋನ್ ಕೈಗೆ ತಗೊಂಡು ಎಷ್ಟು ಸಲ ಇಟ್ಟಿದ್ದೀನಿ, ಈ ಯಂತ್ರಕ್ಕಾದ್ರೆ ಏನೂ ಹೇಳ್ಬೇಕಾಗಿಲ್ಲ ನೋಡು. ಹನ್ನೊಂದು ತಿಂಗಳು, ಅವರ ಕಡೆ ಒಂದು ನಾಚಿಕೆ, ನನ್ನ ಕಡೆ ಒಂದು ನಾಚಿಕೆ, ಎರಡೂ ಒಂದೇ ಟೇಕಿನವು, ಈಗ ಸುಮ್ಮನಿದ್ದರೆ ತಪ್ಪೆಲ್ಲ ಅವರದೇ, ನಾನು ಒಳ್ಳೆಯವಳಾಗಿ ಮನೆಗೆ ಹೋಗಬಹುದು, ಅವರು ಮುಂದಿನ ಚಿತ್ರದಲ್ಲೂ ನನ್ನ ಹೆಸರು ನೆನೆದು ತಲೆ ತಗ್ಗಿಸಬಹುದು, ಬೇಡ. ನಾನೂ ನೋಡ್ತಿರಲಿಲ್ಲ ಸರ್, ಅಂದೆ. ಏನನ್ನ, ಅಂದರು. ನಟರನ್ನ. ಅವರು ಕಾಲರಿನ ಬಿಲ್ಲೆ ತಿರುಗಿಸಿದರು, ಮತ್ತೆ ಎಲ್ಲಿ ನೋಡ್ತಿದ್ದೆ ಅಂತ ಕೇಳುತ್ತಾರೆ, ಕೇಳಿದರೆ ಹೇಳುತ್ತೇನೆ, ಒದ್ದೆ ಕೆನ್ನೆ ಅನ್ನುತ್ತೇನೆ, ನೀವು ಅನ್ನುತ್ತೇನೆ, ಕೇಳಲಿ — ಸರ್, ಶುರು ಮಾಡೋಣ್ವಾ, ಯಾರಾದರೂ ಎದುರಿಗೆ ನಿಲ್ಲಬೇಕಲ್ಲ, ಮೈಕಿನ ಹುಡುಗಿ, ಸುತ್ತ ಆಗಲೇ ಜನ, ನೀನೇ ನಿಲ್ತೀಯಾ, ಅಂದರು ಅವರು, ಕೇಳಬೇಕಾದ್ದನ್ನು ಕೇಳದೆ, ಅಥವಾ ಅದೇ ಅವರ ಕೇಳುವಿಕೆಯೋ, ಹೂಂ ಅಂದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ, ಈ ಕಡೆಯಿಂದ ಲೆನ್ಸು ಎಷ್ಟು ಕಪ್ಪು, ಬಾವಿಯೊಳಗೆ ಬಗ್ಗಿದ ಹಾಗೆ, ಏಳಡಿ ದೂರದಲ್ಲಿ ಅವರು, ಅವರ ಎಡಗಡೆ ಆ ಒಂದೂವರೆ ಅಡಿಯಲ್ಲಿ ಸೋಪಿನ ಡಬ್ಬಿ, ಪರದೆಯ ಮೇಲೆ ನನ್ನ ಮುಖ, ಇಷ್ಟು ವಯಸ್ಸಾಯಿತೇ, ಕಣ್ಣಿನ ಕೆಳಗಿನ ಗೆರೆ ಕೂಡ ಸ್ಪಷ್ಟ, ಹಸಿರು ಚೌಕ ಬಂದು ಎಡಗಣ್ಣಿನ ಮೇಲೆ ಕೂತಿತು. ಮುಂದೆ ಬನ್ನಿ ಮೇಡಂ ಅಂದಳು ಹುಡುಗಿ, ಬಂದೆ, ಹಿಂದೆ ಹೋಗಿ, ಹೋದೆ, ಓರೆಯಾಗಿ ತಿರುಗಿದೆ, ಥಟ್ಟನೆ ಬಗ್ಗಿದೆ, ಬಿಡಲಿಲ್ಲ, ಜನ ಚಪ್ಪಾಳೆ ತಟ್ಟಿದರು, ಅವರು ಆ ಸಣ್ಣ ಉಸಿರು ಎಳೆದುಕೊಂಡರೋ ಏನೋ, ಏಳಡಿಗೆ ಕೇಳಿಸುವುದಿಲ್ಲ, ಅವರು ನನ್ನನ್ನು ನೋಡುತ್ತಿಲ್ಲ, ಕ್ಯಾಮೆರಾದ ಪುಟ್ಟ ಮಾನಿಟರಿನಲ್ಲಿ ನನ್ನ ಕಣ್ಣು ನೋಡುತ್ತಿದ್ದಾರೆ, ಅದು ಅವರನ್ನೇ ನೋಡುತ್ತಿದೆ, ಈಗಲೂ, ಅವತ್ತಿನ ಹಾಗೇ, ನೋಡಿದರೆ ಗೊತ್ತಾಗುತ್ತದೆ, ತಲೆ ಎತ್ತಿದರೆ ಗೊತ್ತಾಗುತ್ತದೆ, ಎತ್ತಲಿಲ್ಲ, ನಾನು ಅರ್ಧ ಅಡಿ ಮುಂದೆ ಬಂದೆ, ಯಾರೂ ಹೇಳದೆ, ಮಸುಕಾಗಲಿ, ಒಂದೇ ಒಂದು ಸಲ, ಮಸುಕಾದರೆ ಅವರು ತಲೆ ಎತ್ತುತ್ತಾರೆ, ಕಣ್ಣು ತುಂಬಿತು, ರೆಪ್ಪೆಯ ತುದಿಯಲ್ಲಿ ನಿಂತ ಹನಿ ಕೂಡ ಸ್ಪಷ್ಟ, ಅದರ ಸುತ್ತ ಹಸಿರು ಚೌಕ, ಕಣ್ಣು ಮುಚ್ಚಿದೆ, ತೆರೆದೆ, ಹಸಿರು ಚೌಕ ಅಲ್ಲೇ —